ಅವ್ವ ದಪ್ಪಗಾದದ್ದಕ್ಕೆ ಕಾರಣ

ನನ್ನ ಅವ್ವ ದಪ್ಪಗಿದ್ದಳು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ಹಿರೇಕೆರೂರಿನಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವವಳು ಕೂಡ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏನ್ರಿ ಅಕ್ಕಾರ, ಈ ಯುದ್ಧದ ಕಾಲದಾಗ ನಮಗ ಸಕ್ಕರಿ ಕಣ್ಣಿಗೆ ಬೀಳವಲ್ದು, ನೀವು ಎಲ್ಲೆ ಮುಚ್ಚಿಟ್ಟೀರಿ?" ಎನ್ನುತ್ತಿದ್ದಳು. ಅವ್ವ ನಕ್ಕು ಬದನೆಕಾಯಿ ಆರಿಸುತ್ತಿದ್ದಳು. ಮೈ ಉರಿಯುತ್ತಿದ್ದದ್ದು ನನಗೆ.

ಆಗ ನನಗೆ ಹದಿನೈದು ವರ್ಷ. ಬರುವ ವೈಶಾಖದಲ್ಲಿ ಮದುವೆ ಮಾಡಿ ಸವಣೂರಿಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಅದೇ ಚಳಿಗಾಲದಲ್ಲಿ ಅವ್ವನಿಗೆ ಉಬ್ಬಸ ಶುರುವಾಯಿತು. ಬಾವಿಯಿಂದ ಒಂದು ಕೊಡ ನೀರು ತರುವುದರೊಳಗೆ ಎರಡು ಸಲ ಕುಳಿತುಕೊಳ್ಳುತ್ತಿದ್ದಳು. ಒಲೆಯ ಮುಂದಿನಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು. ನಾನು ಹೋದ ಮೇಲೆ ಇವಳನ್ನು ನೋಡುವವರು ಯಾರು ಎಂಬ ಚಿಂತೆ ನನಗೆ ಹತ್ತಿಕೊಂಡಿತು. ಅಪ್ಪನ ಬೆನ್ನು ಬಿದ್ದು, ಹಾನಗಲ್ಲಿನ ಡಾಕ್ಟರರಿಗೆ ತೋರಿಸಲು ಒಪ್ಪಿಸಿದೆ.

ಹೋದದ್ದು ಇದ್ದಿಲಿನಿಂದ ಓಡುವ ಮೋಟಾರಿನಲ್ಲಿ. ಪೆಟ್ರೋಲು ಸಿಗದ ಆ ಕಾಲದಲ್ಲಿ ಅದೇ ನಮ್ಮ ಭಾಗ್ಯ. "ಅವ್ವಾರ, ನೀವು ನಡುವ ಕುಂಡ್ರಿ, ಒಂದು ಬಾಜೂ ಕುಂತ್ರ ಗಾಡಿ ವಾಲ್ತೈತಿ" ಎಂದ ಕಂಡಕ್ಟರ್. ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಇದ್ದಿಲ ಮೋಟಾರು ಯಾವ ಏರಿನಲ್ಲಾದರೂ ನಿಂತೇ ನಿಲ್ಲುತ್ತಿತ್ತು. ಆದರೆ ಅಂದು ಅದು ನಿಂತಾಗ ಎಲ್ಲರ ಕಣ್ಣು ಅವ್ವನ ಮೇಲೆಯೇ. ಇಳಿದು ನೂಕಿದವರಲ್ಲಿ ನಾನೂ ಇದ್ದೆ, ಹಲ್ಲು ಕಡಿಯುತ್ತ ನೂಕಿದೆ.

ಡಾಕ್ಟರರು ಅವ್ವನ ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. "ಗುಂಡಿಗಿ ಮ್ಯಾಲೆ ಭಾರ ಬೀಳಾಕತ್ತೈತಿ. ಹಿಂಗ ಬಿಟ್ರ ಬರೂ ವರ್ಷ ಹಾಸಿಗಿ ಹಿಡೀತಾರ" ಎಂದು ಅಪ್ಪನಿಗೆ ಹೇಳಿ, ಅವ್ವನ ಕಡೆ ತಿರುಗಿದರು. "ಒಂದು ಹೊತ್ತಿಗೆ ಎಷ್ಟು ಉಣ್ತೀರಿ?"

"ಎರಡು ರೊಟ್ಟಿರಿ."

"ಎರಡ?"

"ತೆಳ್ಳನ್ನವುರಿ."

ಡಾಕ್ಟರರು ಅವ್ವನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದರು. ನಂಬಲಿಲ್ಲ ಎಂಬುದು ಮುಖದ ಮೇಲೆಯೇ ಇತ್ತು. "ಹಂಗಾರ ಒಂದು ಉಣ್ರಿ" ಎಂದರು.

"ವಾಸಿ ಆಗತೈತೇನ್ರಿ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಉಣ್ಣೂದು ಕಡಿಮಿ ಆದ್ರ ಆಗತೈತಿ. ಇದಕ್ಕ ನನ್ನ ಕಡೆ ಬಾಟ್ಲಿ ಔಷಧ ಇಲ್ಲವ್ವಾ."

ಡಾಕ್ಟರರು ಬಾಟಲಿ ಕೊಟ್ಟಿದ್ದರೆ ಊರವರು ಸುಮ್ಮನಿರುತ್ತಿದ್ದರೇನೋ. ಬರಿಗೈಲಿ ಬಂದೆವೆಂದು ಗೊತ್ತಾದದ್ದೇ ತಡ, ಎಲ್ಲರೂ ವೈದ್ಯರಾದರು. ಅಪ್ಪನ ತಾಯಿ, ನಮ್ಮ ಅಜ್ಜಿ, "ಅಕಿ ತವರುಮನಿಯವರ ಎಲುಬ ದೊಡ್ಡವು" ಎಂದು ತೀರ್ಪು ಕೊಟ್ಟಳು. ಅವ್ವನ ತಾಯಿ ಗಾಳಿ ಬಂದರೆ ಕಂಬ ಹಿಡಿದು ನಿಲ್ಲುವಂಥವಳು ಎಂಬುದು ಅಜ್ಜಿಗೆ ಲೆಕ್ಕಕ್ಕೇ ಬರಲಿಲ್ಲ. ಶಿಗ್ಗಾವಿಯಿಂದ ಬಂದ ಸೋದರತ್ತೆ, ಕಡೆಯ ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿಯಾಗಿ ಕಟ್ಟಲಿಲ್ಲ, ಗಾಳಿ ಹೊಕ್ಕಿದೆ ಎಂದಳು. ಸವಣೂರಿನ ನಮ್ಮ ಬೀಗರು ಅಲ್ಲಿಯ ಹಕೀಮರನ್ನು ಕೇಳಿ, ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿಯಲಿ ಎಂದು ಹೇಳಿ ಕಳಿಸಿದರು. ಅವ್ವ ಅದನ್ನೂ ಕುಡಿದಳು. ಇವರಲ್ಲಿ ಒಬ್ಬರ ಮಾತು ಒಬ್ಬರಿಗೆ ಕೂಡುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ: ಅವಳು ಕದ್ದು ತಿನ್ನುತ್ತಾಳೆ. ನಾನೂ ಹಾಗೇ ತಿಳಿದಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ತಿಂಗಳು ಕಳೆಯಿತು. ಅಪ್ಪನದು ಹತ್ತಿ ಮತ್ತು ಮೆಣಸಿನಕಾಯಿ ವ್ಯಾಪಾರ. ಅಂಗಡಿಯಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿ ಇತ್ತು. ಹಮಾಲರು ಉಣ್ಣಲು ಹೋದ ಹೊತ್ತು ನೋಡಿ, ಬಾಗಿಲು ಮುಂದೆ ಮಾಡಿ, ಅವ್ವನನ್ನು ಅದರಲ್ಲಿ ಕೂರಿಸಿ ತೂಗಿದೆವು. ಹಾನಗಲ್ಲಿನಿಂದ ಬಂದ ಮರುದಿನ ಹೀಗೇ ತೂಗಿದಾಗ ಇಟ್ಟ ತೂಕದ ಕಲ್ಲುಗಳೇ ಈಗಲೂ ಬೇಕಾದವು. ಒಂದೂ ಕಡಿಮೆಯಿಲ್ಲ. ಅವ್ವ ಸೀರೆಗೆ ಹತ್ತಿದ ಮೆಣಸಿನಕಾಯಿ ಬೀಜ ಕೊಡವುತ್ತ ಇಳಿದಳು. ನನ್ನ ತಲೆ ಕೆಟ್ಟಿತು.

"ಖರೆ ಹೇಳ ಬೇ, ಕದ್ದು ಏನ್ ತಿಂತೀ?"

"ನಿನ್ನ ಆಣಿ ಯವ್ವಾ, ಒಂದ ರೊಟ್ಟಿ."

ಮಗಳ ಮೇಲೆ ಆಣೆಯಿಟ್ಟು ಸುಳ್ಳು ಹೇಳುವವಳಲ್ಲ ಅವಳು. ಮರುದಿನ ನನ್ನ ಊಟವಾದ ಮೇಲೂ ನಾನು ಅಡುಗೆಮನೆ ಬಿಟ್ಟು ಏಳಲಿಲ್ಲ.

ನಮ್ಮ ಮನೆಯ ಪದ್ಧತಿ ಹೇಳಬೇಕು. ಅನ್ನವೆಂದರೆ ಪ್ರಸಾದ, ತಾಟಿನಲ್ಲಿ ಒಂದು ಅಗುಳೂ ಬಿಡಬಾರದು. ಇದನ್ನು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅತ್ತ ಅಜ್ಜಿಯದು ಇನ್ನೊಂದು ಪದ್ಧತಿ. ಗಂಡಸರು ಸಾಕೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಬಡಿಸುವವಳು ಅವಳು. ಹಾಗಾಗಿ ಅಪ್ಪ, ಇಬ್ಬರು ಅಣ್ಣಂದಿರು ಅರ್ಧ ರೊಟ್ಟಿ, ಒಂದು ಹಿಡಿ ತುಪ್ಪದನ್ನ, ಒಂದಿಷ್ಟು ಪಲ್ಯ ಬಿಟ್ಟೇ ಏಳುತ್ತಿದ್ದರು. ಅಜ್ಜಿಯ ತಾಟಿನಲ್ಲಿ ಹಲ್ಲಿಗೆ ಸಿಗದ ರೊಟ್ಟಿಯ ಅಂಚು. ನನ್ನ ತಾಟಿನಲ್ಲೂ ಒಂದಿಷ್ಟು ಉಳಿದಿತ್ತು.

ಅವ್ವ ಐದೂ ತಾಟುಗಳನ್ನು ಒಲೆಯ ಹತ್ತಿರ ಎಳೆದುಕೊಂಡಳು. ಒಂದೊಂದರಲ್ಲಿದ್ದದ್ದನ್ನೂ ಕೈಯಿಂದ ಬಳಿದು ಬಾಯಿಗೆ ಹಾಕಿಕೊಂಡಳು, ತಾಟಿಗೆ ಚೂರು ನೀರು ಹಾಕಿ ತೊಳೆದು ಅದನ್ನೂ ಕುಡಿದಳು. ಐದೂ ಮುಗಿದ ಮೇಲೆ ಕೈ ತೊಳೆದು, ತನ್ನ ಮಣೆ ಹಾಕಿಕೊಂಡು, ತನ್ನ ಒಂದು ರೊಟ್ಟಿ ತೆಗೆದುಕೊಂಡು ಊಟಕ್ಕೆ ಕುಳಿತಳು.

"ಮತ್ತ ಇಷ್ಟೊತ್ತು ತಿಂದದ್ದು ಏನದು?" ಎಂದು ಕೂಗಿದೆ.

ಅವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅದು ನೀವು ಬಿಟ್ಟದ್ದಲ್ಲ? ಪ್ರಸಾದ ಚೆಲ್ಲಾಕ ಬರತೈತೇನು?"

ಅವಳ ಪಾಲಿಗೆ ಅದು ಮುಸುರೆ ತೊಳೆಯುವ ಕೆಲಸದ ಭಾಗ. ಅಂಗಳ ಗುಡಿಸಿದ್ದನ್ನು ಯಾರಾದರೂ ಡಾಕ್ಟರರಿಗೆ ಹೇಳುತ್ತಾರೆಯೇ? ಇದನ್ನೂ ಹೇಳಲಿಲ್ಲ. ಹದಿನೆಂಟು ಇಪ್ಪತ್ತು ವರ್ಷ ಅಪ್ಪನ ನೇಮವನ್ನು ಅಪ್ಪನ ಪರವಾಗಿ ಇವಳು ನಡೆಸಿಕೊಂಡು ಬಂದಿದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಆ ರಾತ್ರಿ ಅಣ್ಣಂದಿರು ಊಟದಿಂದ ಏಳಹೊರಟಾಗ ಬಾಗಿಲಿಗೆ ಅಡ್ಡ ನಿಂತೆ. "ತಾಟು ಖಾಲಿ ಮಾಡಿ ಏಳ್ರಿ. ಆಗದಿದ್ರ ಮೊದಲ ಕಡಿಮಿ ಹಾಕಿಸ್ಕೊಳ್ರಿ."

"ಗಂಡಸರಿಗೆ ಎಣಿಸಿ ಬಡಿಸೂ ಮನಿ ಆತೇನು ಇದು?" ಎಂದು ಅಜ್ಜಿ ಹಣೆ ಬಡಿದುಕೊಂಡಳು. ನಾನು ಅಪ್ಪನಿಗೆ ಅವನ ಪ್ರಸಾದದ ಮಾತನ್ನೇ ಒಪ್ಪಿಸಿದೆ. ಅಪ್ಪ ತಾಟಿನ ಕಡೆ ನೋಡಿ, ಉಳಿದದ್ದನ್ನು ಉಂಡ. ಅಪ್ಪ ಉಂಡ ಮೇಲೆ ಅಣ್ಣಂದಿರೂ ಗೊಣಗುತ್ತ ಉಂಡರು.

ಹದಿನೈದು ದಿನ ತಾಟುಗಳು ಫಳಫಳ ಹೊಳೆಯುತ್ತ ಒಳಗೆ ಹೋದವು. ತಕ್ಕಡಿಯಿಂದ ಕಲ್ಲು ಇಳಿಯಿತು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ತನ್ನ ಮಗಳು ಡಾಕ್ಟರರನ್ನೇ ಮೀರಿಸಿದಳೆಂದು ಹೇಳಿದ. ನನ್ನ ಕಾಲು ನೆಲದ ಮೇಲಿರಲಿಲ್ಲ. ಮರುದಿನ ಸಂಜೆ ಅವ್ವ ಬೀಸುವ ಕಲ್ಲಿನ ಪಕ್ಕದಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು.

ಮುಖಕ್ಕೆ ನೀರು ಹೊಡೆದು ಎಬ್ಬಿಸಿದೆವು. ಕೇಳಿದರೆ, ಹೊತ್ತಿಗೆ ಒಂದು ರೊಟ್ಟಿ, ಅಷ್ಟೇ. ಇಷ್ಟು ದಿನ ಅವಳ ಹೊಟ್ಟೆ ನಡೆದದ್ದು ನಾವು ಬಿಟ್ಟದ್ದರಿಂದ. ಅದು ನಿಂತ ಮೇಲೆ, ಬೀಸುತ್ತ, ನೀರು ಹೊರುತ್ತ, ಆ ಒಂದು ರೊಟ್ಟಿಯಲ್ಲೇ ಇದ್ದಾಳೆ. ಅವಳು ಉಂಡಳೇ ಎಂದು ನಾನೂ ಕೇಳಿರಲಿಲ್ಲ. ನಾನು ಕಲ್ಲು ಎಣಿಸುತ್ತಿದ್ದೆ.

"ಹಸಿವಾದ್ರ ಇನ್ನೊಂದು ಬಡಿಸ್ಕೊಳ್ಳಾಕ ಏನಾಗಿತ್ತ ಬೇ ನಿನಗ?"

"ಡಾಕ್ಟರ್ ಒಂದ ಅಂದಾರಲ್ಲ" ಎಂದಳು. ಆಮೇಲೆ ತಪ್ಪು ಮಾಡಿದವಳಂತೆ, "ನನಗ ನಾನ ಎಷ್ಟಂತ ಬಡಿಸ್ಕೊಳ್ಳಲೇ ಯವ್ವಾ, ರೂಢಿ ಇಲ್ಲ" ಎಂದಳು.

ಬೊಜ್ಜು ವಾಸಿಯಾಗುತ್ತದೆಯೇ ಎಂದು ಈಗ ಯಾರಾದರೂ ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ಅವ್ವ ಹಾಸಿಗೆ ಹಿಡಿಯಲಿಲ್ಲ, ನನ್ನ ಮದುವೆಯಲ್ಲಿ ಓಡಾಡಿದಳು. ತೆಳ್ಳಗಂತೂ ಆಗಲಿಲ್ಲ. ನನಗೆ ಮರೆಯಲಾಗದ್ದು ಅವಳು ಬಿದ್ದ ದಿನದ ಊಟ.

ಅಂದು ಎಲ್ಲರಿಗಿಂತ ಮೊದಲು ಅವ್ವನಿಗೆ ಮಣೆ ಹಾಕಿ, ನಾನೇ ಬಡಿಸಿದೆ. ಎರಡು ರೊಟ್ಟಿ, ಪಲ್ಯ, ಅನ್ನ, ಮಜ್ಜಿಗೆ. ಅಪ್ಪ, ಅಣ್ಣಂದಿರು, ಅಜ್ಜಿ ಸುತ್ತ ನಿಂತು ನೋಡುತ್ತಿದ್ದರು. ಅವ್ವ ನಾಚಿಕೊಂಡು ತಲೆ ತಗ್ಗಿಸಿ ಉಂಡಳು. ಒಂದು ಹಿಡಿ ಮಜ್ಜಿಗೆ ಅನ್ನ ಉಳಿದಾಗ ಕೈ ತೆಗೆದಳು.

"ಹೊಟ್ಟಿ ತುಂಬೇತಿ, ಇನ್ನ ಒಲ್ಲೆ" ಎಂದು ತಾಟು ಸರಿಸಿದಳು.

ತಾಟು ನಮ್ಮೆಲ್ಲರ ನಡುವೆ ಇತ್ತು. ಪ್ರಸಾದ ಚೆಲ್ಲಬಾರದು. ಅಪ್ಪ ಕಿಟಕಿಯ ಕಡೆ ನೋಡಿದ. ಅಣ್ಣಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡಳು. ಅಷ್ಟೆಲ್ಲ ಕೂಗಾಡಿದ ನಾನೂ ಕೈ ಚಾಚಲಿಲ್ಲ. ಅವ್ವನ ಎಂಜಲನ್ನು ಉಣ್ಣಬಹುದೆಂದು ನನಗೆ ಹೊಳೆಯಲೇ ಇಲ್ಲ.

ಅವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾಟನ್ನು ತನ್ನ ಕಡೆಗೆ ಎಳೆದುಕೊಂಡು, ಆ ಒಂದು ಹಿಡಿಯನ್ನೂ ಉಂಡು, ನೀರು ಹಾಕಿ ತೊಳೆದು ಕುಡಿದಳು.