ಬೇಲಿಯಾಚೆಯ ಡಾಕ್ಟರು

ಕೆನಡಾದ ಮಿಸಿಸಾಗದಲ್ಲಿ ನಮ್ಮ ಪಕ್ಕದ ಮನೆಯ ಜರ್ಮನ್ ಅಜ್ಜಿ ಜೀವನವಿಡೀ ಕೊಲೆ ಮಾಡಿಯೇ ಹೊಟ್ಟೆ ಹೊರೆದವಳು. ಕಾಗದದ ಮೇಲೆ ಮಾತ್ರ. ತನ್ನ ಭಾಷೆಯಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಾಳೆ. ಅವಳ ದೇಶದಲ್ಲಿ ಓದುಗರು ಮುಗಿಬೀಳುತ್ತಾರಂತೆ. ನಮ್ಮ ಬೀದಿಯಲ್ಲಿ ಅವಳು ಮಕ್ಕಳ ಚೆಂಡು ಅಂಗಳಕ್ಕೆ ಬಿದ್ದರೆ ಕೂಗಾಡುವ ಮುದುಕಿ, ಅಷ್ಟೇ.

ನನ್ನ ಗಂಡ ಹೆಣ ಕೊಯ್ದು ಸಾವಿನ ಕಾರಣ ಹುಡುಕುವ ಪೆಥಾಲಜಿಸ್ಟ್ ಆಗಿದ್ದವರು. ರಿಟೈರ್ ಆದ ಮೇಲೆ ಅವರ ಮಾತಿಗೆ ಕಿವಿಗೊಡಲು ಇವಳೊಬ್ಬಳು ಸಿಕ್ಕಿದಳು. ಯಾವ ವಿಷಕ್ಕೆ ಉಗುರು ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಹಿತ್ತಲ ಬೇಲಿಗೆ ಒರಗಿ ಖುಷಿಯಿಂದ ವಿವರಿಸುತ್ತಿದ್ದರು.

"ಊಟದ ಹೊತ್ತಿಗೆ ಎಂತ ಮಾರಾಯ್ರೆ ಹೆಣದ ಸುದ್ದಿ!" ಎಂದು ನಾನು ಅಡುಗೆಮನೆಯ ಕಿಟಕಿಯಿಂದ ಗದರುತ್ತಿದ್ದೆ.

ಕೊನೆಗೆ ಅವಳು ಇವರನ್ನೇ ಕಾದಂಬರಿಯೊಳಗೆ ಎಳೆದುಕೊಂಡಳು. ಪೊಲೀಸರಿಗೆ ನೆರವಾಗುವ, ಮೀನುಸಾರಿಗೆ ಬಾಯಿಬಿಡುವ ಇಂಡಿಯನ್ ಡಾಕ್ಟರು. ಇವರು ಕನ್ನಡ ಸಂಘದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಕಳೆದ ಚಳಿಗಾಲ ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಿಮ ಎತ್ತುತ್ತಿದ್ದವರು ಅಲ್ಲೇ ಕುಸಿದರು. ಹೃದಯಾಘಾತ. ಒಂದು ಮಾತಿಗೂ ಅವಕಾಶ ಕೊಡಲಿಲ್ಲ.

ಅವಳು ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಮಧ್ಯಾಹ್ನ ಕಾಫಿಗೆ ಬಂದು ಹೊಸ ಪುಟಗಳನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಅಲ್ಲಿ ಡಾಕ್ಟರು ಥೇಟ್ ಇವರ ಹಾಗೆಯೇ ಮಾತಿಗೆ ಮುಂಚೆ ನೆಟಿಗೆ ಮುರಿಯುತ್ತಾರೆ, ಕನ್ನಡಕವನ್ನು ಶರ್ಟಿನ ಅಂಚಿನಲ್ಲಿ ಒರೆಸುತ್ತಾರೆ. ಅವಳು ಎದ್ದುಹೋದ ಮೇಲೂ ಬೇಸ್‌ಮೆಂಟಿನಿಂದ ನೆಟಿಗೆ ಮುರಿಯುವ ಸದ್ದು ಬರುತ್ತದೆ.

"ಅಮ್ಮಾ, ಇಟ್ಸ್ ದ ಫರ್ನೆಸ್," ಎನ್ನುತ್ತಾಳೆ ಮಗಳು.

ಇರಬಹುದು, ಮನೆ ಬೆಚ್ಚಗಿಡುವ ಆ ಯಂತ್ರ ಇರುವುದೂ ಅಲ್ಲೇ. ಆದರೂ ನಾನು ಮೆಟ್ಟಿಲ ಬಳಿ ನಿಂತು ಕೇಳುತ್ತೇನೆ. ಹೆದರಿಕೆಯಾಗುತ್ತದೆ. ಸದ್ದು ನಿಂತರೆ ಇನ್ನೂ ಹೆಚ್ಚು ಹೆದರಿಕೆ.

ಮೊನ್ನೆಯ ಪುಟದಲ್ಲಿ ಡಾಕ್ಟರು ಪೊಲೀಸ್ ಅಧಿಕಾರಿಗೆ ಹೇಳುತ್ತಾರೆ: "ನನ್ನ ಹೃದಯ ಹೆಚ್ಚು ದಿನ ಬಾಳುವುದಿಲ್ಲ. ಹೆಂಡತಿಗೆ ಹೇಳಿಲ್ಲ. ಮೊಮ್ಮಗು ಬಂದ ಸಂತೋಷದಲ್ಲಿದ್ದಾಳೆ, ಯಾಕೆ ಕೆಡಿಸಲಿ?"

ನಾನು ಕಪ್ಪು ಕೆಳಗಿಟ್ಟೆ. ನಮ್ಮ ಮೊಮ್ಮಗು ಹುಟ್ಟಿದ್ದು ಅವರು ಹೋಗುವ ಸ್ವಲ್ಪ ಮುಂಚೆ.

"ಇದು ಅವರು ನಿಮಗೆ ಹೇಳಿದ್ದೋ, ನೀವು ಕಟ್ಟಿದ್ದೋ?"

ಅವಳು ಪುಟವನ್ನು ತಿರುತಿರುಗಿಸಿ ನೋಡಿದಳು. ಮುಖ ಸಪ್ಪೆಯಾಯಿತು. "ಅವನ ಬಾಯಿಗೆ ಎಷ್ಟೋ ಮಾತು ಹಾಕಿದ್ದೇನೆ. ಯಾವುದು ಅವನದು, ಯಾವುದು ನನ್ನದು ಎಂದು ಈಗ ನೆನಪೇ ಆಗುವುದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಜೊತೆಗಿದ್ದವಳಿಗೆ ಮುಚ್ಚಿಟ್ಟು ಬೇಲಿಯಾಚೆಯವಳಿಗೆ ಹೇಳಿದರೇ? ಗೊತ್ತಿದ್ದೂ ಹಿಮ ಎತ್ತಲು ಹೋದರೇ? ಅಥವಾ ಏನೂ ತಿಳಿಯದೆ ಹೋದರೇ? ಕೇಳಬೇಕಾದವರಿಲ್ಲ. ಇರುವವಳಿಗೆ ನೆನಪಿಲ್ಲ. ಇನ್ನು ಇವಳಿಗೆ ಬಾಗಿಲು ತೆಗೆಯಬಾರದು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಅವಳು ಬರಲಿಲ್ಲ. ಕಾದೂ ಕಾದೂ, ಕೋಟು ಹಾಕಿಕೊಂಡು ಹೋಗಿ ನಾನೇ ಅವಳ ಬಾಗಿಲು ಬಡಿದೆ.

"ಮುಂದೆ ಅವರು ಏನಂದರು?"