ಜೊತೆಗೆ ಬಂದವರನ್ನೂ ಕೇಳಿದ ವೈದ್ಯೆ

ಮೂವತ್ತು ದಾಟಿದ ಗಂಡಸೊಬ್ಬ ತನ್ನ ಪೆನ್ಸಿಲನ್ನು ತಾನೇ ಕೆತ್ತಿಕೊಳ್ಳಬಹುದೇ ಎಂಬುದು ವೈದ್ಯಶಾಸ್ತ್ರದ ಗಹನವಾದ ಪ್ರಶ್ನೆಗಳಲ್ಲೊಂದು. ಗ್ರಂಥಗಳು ಈ ಬಗ್ಗೆ ಮೌನ ತಾಳಿವೆ. ಅದನ್ನು ಇತ್ಯರ್ಥಗೊಳಿಸಿದ ಕೀರ್ತಿ ಈಗ ನಿವೃತ್ತರಾಗುತ್ತಿರುವ ನಮ್ಮ ರಕ್ತರೋಗ ವಿಭಾಗದ ಹಿರಿಯ ವೈದ್ಯೆಗೆ, ರೋಗಿಗಳೆಲ್ಲರ ಬಾಯಲ್ಲಿ ‘ದೊಡ್ಡಮ್ಮ’ ಆಗಿಹೋದ ಮಾನ್ಯರಿಗೆ, ಸಲ್ಲಬೇಕು. ಅವರ ಕೈಕೆಳಗೆ ವ್ಯಾಯಾಮ ಚಿಕಿತ್ಸಕನಾಗಿ, ಅಂದರೆ ಜನರ ಮಂಡಿ ಮಡಚಿಸಿ ಬೈಸಿಕೊಳ್ಳುವವನಾಗಿ, ದುಡಿದ ನಾನು ಅದಕ್ಕೆ ಸಾಕ್ಷಿ.

ಪೆನ್ಸಿಲಿನ ಒಡೆಯ ಕಟ್ಟಡಗಳ ನಕ್ಷೆ ಬರೆಯುವವನು. ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಅವನಿಗೆ ಹುಟ್ಟಿನಿಂದಲೇ ಇತ್ತು. ಮನೆಯವರು ಅಂಗೈಯಲ್ಲಿಟ್ಟು ಸಾಕಿದ್ದರಿಂದ ನಾವವನನ್ನು ‘ಗಾಜಿನ ದೊರೆ’ ಎನ್ನುತ್ತಿದ್ದೆವು. ಬ್ಲೇಡು ಹಿಡಿದು ಮೊನೆ ಮಾಡುವುದು, ಉಗುರು ಕತ್ತರಿಸುವುದು, ಊದಿದ ಮಂಡಿಗೆ ಒತ್ತಲು ಐಸ್ ಚೀಲ ಹೊರುವುದು, ಎಲ್ಲ ಅಕ್ಕನ ಪಾಲು.

ಮೊದಲ ಭೇಟಿಯಲ್ಲೇ ದೊಡ್ಡಮ್ಮ ಬ್ಲೇಡೊಂದನ್ನು ಮೇಜಿನ ಮೇಲಿಟ್ಟು “ಕೆತ್ತಿ” ಎಂದರು. ದೊರೆ ಕೆತ್ತಿದ, ಬೆರಳಿಗೆ ಗೀರಿತು.

“ಅಯ್ಯೋ, ಕೊಂದ್ರಲ್ಲ ಡಾಕ್ಟ್ರಮ್ಮ!” ಎಂದು ಅಕ್ಕ ಚೀರಿದಳು.

“ಒತ್ತಿ ಹಿಡ್ಕೊಳಮ್ಮ, ನಿಲ್ಲುತ್ತೆ. ಇವನ ಶತ್ರು ಬ್ಲೇಡಲ್ಲ. ನೀವು ಕೂತಲ್ಲೇ ಕೂರಿಸಿದೀರಲ್ಲ, ಆ ಮಂಡಿಯೊಳಗೆ ಸೋರ್ತಿರೋ ರಕ್ತ.”

ರಕ್ತ ನಿಂತಿತು. ಮಂಡಿ ನನ್ನ ಪಾಲಿಗೆ ಬಂತು. ನಿಯಮಿತ ಔಷಧಿಯಿಂದಲೂ ನನ್ನ ಪೀಡನೆಯಿಂದಲೂ ದೊರೆ ಒಬ್ಬನೇ ಬಸ್ಸು ಹತ್ತಿದ, ಮೇಲಧಿಕಾರಿಯೊಡನೆ ನಿಂತುಕೊಂಡೇ ಜಗಳವಾಡಿದ. ಇಷ್ಟಾದರೂ ಚಿಕಿತ್ಸೆಗೆ ಬರುವಾಗ ಅಕ್ಕ ಜೊತೆಗಿರಲೇಬೇಕು. ಹೀಗೆ ವರ್ಷಗಳು ಕಳೆದವು.

ಒಂದು ದಿನ ಅವನು ದೂರು ಹೇಳುವ ಧಾಟಿಯಲ್ಲಿ, “ಮುಂದಿನ ವಾರ ಬರಕ್ಕಾಗಲ್ಲ ದೊಡ್ಡಮ್ಮ. ಅಕ್ಕಂಗೆ ಆಪರೇಷನ್. ಗರ್ಭಕೋಶ ತೆಗೀತಾರಂತೆ. ನನ್ನ ಐಸ್ ಚೀಲ ಯಾರು ಹೊರ್ತಾರೆ?” ಎಂದ.

ದೊಡ್ಡಮ್ಮನ ಪೆನ್ನು ನಿಂತಿತು. “ಯಾಕಂತೆ?”

ಅಕ್ಕ ನನ್ನತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಮುಟ್ಟಾದ್ರೆ ನಿಲ್ಲೋದೇ ಇಲ್ಲ. ದೊಡ್ಡೋಳಾದಾಗಿಂದ್ಲೂ ಹಂಗೇ. ಹೆರಿಗೇಲಂತೂ ಹೋದ ಜೀವ ಬಂತು. ಹೆಂಗಸರ ಗೋಳು, ಇದ್ದಿದ್ದೇ ಬಿಡಿ.”

“ಮನೇಲಿ ಈ ಕಾಯಿಲೆ ಇದೆ ಅಂತ ಸರ್ಜನ್‌ಗೆ ಹೇಳಿದೀಯಾ?”

“ಅದು ಗಂಡುಮಕ್ಕಳ ಕಾಯಿಲೆ ಅಲ್ವಾ? ತಮ್ಮಂದು ನಾನ್ಯಾಕೆ ಹೇಳ್ಲಿ?”

ಬಿಳಿಚಿಕೊಂಡ ಆ ಮುಖ ಪ್ರತಿ ಭೇಟಿಯಲ್ಲೂ ಅದೇ ಬಾಗಿಲಲ್ಲಿ ನಿಂತಿತ್ತು. ಪದವಿಗಳನ್ನು ಗೋಡೆಗೆ ತೂಗುಹಾಕಿಕೊಂಡ ವಿಭಾಗಕ್ಕೆ ವಿಭಾಗವೇ ತಮ್ಮನ ಮಂಡಿ ನೋಡುತ್ತಿತ್ತು. ಈ ಕಾಯಿಲೆಯನ್ನು ಮಕ್ಕಳಿಗೆ ದಾಟಿಸುವ ಹೆಂಗಸರಲ್ಲಿ ಹಲವರಿಗೆ ತಮ್ಮ ರಕ್ತವೂ ಸರಿಯಾಗಿ ಹೆಪ್ಪುಗಟ್ಟದೆಂಬುದನ್ನು ದೊಡ್ಡಮ್ಮನೇ ತರಗತಿಯಲ್ಲಿ ಪಾಠ ಹೇಳುತ್ತಿದ್ದರು. “ನನ್ನ ಕಣ್ಣಿಗೆ ಏನು ಬಡಿದಿತ್ತೋ” ಎನ್ನುತ್ತ ಅಕ್ಕನ ತೋಳಿಗೆ ಅವರೇ ಸೂಜಿ ಚುಚ್ಚಿದರು. ಪರೀಕ್ಷೆಯ ಫಲ ಅನುಮಾನವನ್ನು ಉಳಿಸಲಿಲ್ಲ. ಯಾವ ಸಿದ್ಧತೆಯೂ ಇಲ್ಲದೆ ಕತ್ತಿ ಇಟ್ಟಿದ್ದರೆ ಆಕೆ ಮೇಜಿನಿಂದ ಏಳುವುದೇ ಕಷ್ಟವಿತ್ತು.

ಸರ್ಜನ್‌ಗೆ ಫೋನು ಹೋಯಿತು. ಆತ “ಹೆಂಗಸರಿಗೆ ಬರಲ್ವಲ್ಲ ಮೇಡಂ” ಎಂದರಂತೆ.

“ಬರುತ್ತೆ. ಅದನ್ನ ಇವಳನ್ನ ಮಲಗಿಸಿ ಕಲೀಬೇಡಿ.”

ಅಂದಿನಿಂದ ನಮ್ಮಲ್ಲೊಂದು ಪದ್ಧತಿ ಬಂತು: ರೋಗಿಯನ್ನು ಮುಟ್ಟುವ ಮೊದಲು ಜೊತೆಗೆ ಬಂದ ತಾಯಿ, ಅಕ್ಕ, ಮಗಳು ಇವರನ್ನು ವಿಚಾರಿಸಬೇಕು. ಹಾಗೆ ವಿಚಾರಿಸಿದಾಗ ಅಕ್ಕನಂಥವರು ಎಷ್ಟೋ ಮಂದಿ ಸಿಕ್ಕರು.

ದೊಡ್ಡಮ್ಮ ನೂರ್ಕಾಲ ಬಾಳಲಿ. ಮನೆಯಲ್ಲಿ ಸುಮ್ಮನೆ ಕೂರದಿರಲಿ, ಅವರ ಮಂಡಿಗೂ ಅದು ಒಳ್ಳೆಯದಲ್ಲ. ವಾರಕ್ಕೊಮ್ಮೆಯಾದರೂ ಬಂದು ನಮ್ಮನ್ನು ಗದರುತ್ತಿರಲಿ.

ಆ ಆಪರೇಷನ್ ನಡೆಯಲಿಲ್ಲ. ಮಾತ್ರೆಗಳಲ್ಲೇ ಅಕ್ಕನ ರಕ್ತಸ್ರಾವ ಹತೋಟಿಗೆ ಬಂತು. ಅಕ್ಕನ ಮಗಳನ್ನೂ ಪರೀಕ್ಷಿಸಲಾಯಿತು, ಅವಳಿಗೂ ಇದೆ, ಇಬ್ಬರಿಗೂ ಇಲ್ಲೇ ಚಿಕಿತ್ಸೆ ನಡೆಯುತ್ತಿದೆ.