ಇಂದು ಬಾರದವರ ಪಟ್ಟಿ

ಬೆಳಗಿನ ಐದು ಗಂಟೆ. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೇ ಕಂಪ್ಯೂಟರೊಂದು ಏದುಸಿರು ಬಿಡುತ್ತಿದೆ. ಮುಚ್ಚಳ ಬಿಚ್ಚಿ ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟಿದ್ದಾರೆ. ಮುಂದೆ ಕುಳಿತ ಐವತ್ತೆರಡರ ಹೆಂಗಸು ಪರದೆಯ ಮೇಲಿನ ಅಂಕಿಯಿಂದ ಕಣ್ಣು ಕೀಳುತ್ತಿಲ್ಲ. ನಾನೂರ ಹತ್ತು ಮಂದಿ, ನಾನೂರ ಅರವತ್ತು. "ಇದು ನಮ್ಮ ನೂಕುನುಗ್ಗಲಿನ ಹೊತ್ತು" ಎನ್ನುತ್ತಾರೆ.

ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರ ಆನ್‌ಲೈನ್ ಫೋರಂ ಇದು. ಬೆನ್ನು ಹುಣ್ಣಾಗದಂತೆ ಐದಕ್ಕೆ ರೋಗಿಯ ಮಗ್ಗುಲು ಬದಲಿಸಿ, ಎಲ್ಲರೂ ಒಟ್ಟಿಗೇ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಸರ್ವರ್ ಎಂದರೆ ಈ ಒಂದೇ ಪೆಟ್ಟಿಗೆ. ಹತ್ತು ವರ್ಷ ಅಮ್ಮನ ಆರೈಕೆ ಮಾಡಿದ ಇವರು, ಒಂಟಿತನ ತಾಳಲಾರದೆ ಪುಸ್ತಕ ನೋಡಿ ಕಲಿತು ಕಟ್ಟಿದ್ದು. ಅಮ್ಮ ಹೋದರು, ಫೋರಂ ಉಳಿಯಿತು. ಸದಸ್ಯರ ಬಾಯಲ್ಲಿ ಇವರು 'ಸರ್ವರಕ್ಕ'.

ಸದಸ್ಯರ ಆಸೆಗಳಿಗೆ ಕೊನೆಯಿಲ್ಲ. ಒಬ್ಬರಿಗೆ ಹೆಸರಿನ ಪಕ್ಕ ಫೋಟೊ ಬೇಕು, ಇನ್ನೊಬ್ಬರಿಗೆ ಕುಣಿಯುವ ಹೂವು. "ಹೂವು ಕುಣಿದ್ರೆ ಪೆಟ್ಟಿಗೆ ಮಲಗುತ್ತೆ ಕಣಪ್ಪ" ಎಂದು ನಗಿಸಿ ಸಾಗಹಾಕುತ್ತಾರೆ. ಹೊಸದೇನೇ ಇರಲಿ, ಒಂದು ವಾರ ಐದು ಗಂಟೆಯ ನೂಕುನುಗ್ಗಲಿನಲ್ಲಿ ಪರೀಕ್ಷೆ. ಪುಟ ತೆರೆಯಲು ಮೂರು ಸೆಕೆಂಡು ಮೀರಿದರೆ ಮುಲಾಜಿಲ್ಲದೆ ಕಿತ್ತುಹಾಕುತ್ತಾರೆ. "ಗಂಟಲಲ್ಲಿ ಕಫ ಕಟ್ಕೊಂಡಿದೆ, ಏನ್ ಮಾಡ್ಲಿ ಅಂತ ಕೇಳೋರು ಕಾಯೋಕಾಗುತ್ತಾ?"

ಹೀಗೇ ಹೋದ ವರ್ಷ ಹಸಿರು ಚುಕ್ಕೆಯೂ ಹೋಯಿತು. ಈಗ ಫೋರಂನಲ್ಲಿ ಯಾರಿದ್ದಾರೆಂದು ಹೆಸರಿನ ಪಕ್ಕ ತೋರಿಸುತ್ತಿದ್ದ ಚುಕ್ಕೆ. ನಿಮಿಷ ನಿಮಿಷಕ್ಕೂ ಎಲ್ಲರನ್ನೂ ಎಣಿಸುವಷ್ಟರಲ್ಲಿ ಪೆಟ್ಟಿಗೆ ಸುಸ್ತಾಗಿ, ಪುಟ ತೆರೆಯಲು ಹನ್ನೊಂದು ಸೆಕೆಂಡು ಹಿಡಿಯುತ್ತಿತ್ತು. ತೆಗೆದ ಮೇಲೆ ಎಲ್ಲ ಸಲೀಸು. ಸದಸ್ಯರು ಹೊಗಳಿದ್ದೇ ಹೊಗಳಿದ್ದು.

ಎರಡು ತಿಂಗಳಿಗೆ, ದಿನ ತಪ್ಪದೆ ಬರುತ್ತಿದ್ದ ಮೇಷ್ಟ್ರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು. ಬರೆಯುವುದು ಅಪರೂಪ, ಓದುವುದೇ ಹೆಚ್ಚು. ಎಂದಿನಂತೆ ಓದುತ್ತಿದ್ದಾರೆಂದೇ ಎಲ್ಲರೂ ಅಂದುಕೊಂಡರು. ಮೂರನೇ ದಿನ ನೆರೆಯವರು ಬಾಗಿಲು ಒಡೆದಾಗ ಮೇಷ್ಟ್ರ ಜೀವ ಹೋಗಿತ್ತು. ಪಕ್ಕದ ಕೋಣೆಯಲ್ಲಿ, ಏಳಲಾರದ ಹೆಂಡತಿ ಬಾಯಾರಿ ಮಲಗಿದ್ದರು. ಅವರು ಹೇಗೋ ಉಳಿದರು.

"ಬಿದ್ದ ಮೇಲೂ ಎರಡು ದಿನ ಉಸಿರಾಡ್ತಿದ್ರಂತೆ. ಚುಕ್ಕೆ ಇದ್ದಿದ್ರೆ ಯಾರಾದ್ರೂ ಒಬ್ರು ಕೇಳ್ತಿದ್ರು, ಮೇಷ್ಟ್ರು ಎಲ್ಲಿ ಅಂತ. ತೆಗ್ದಿದ್ದು ನಾನೇ ಅಲ್ವಾ?" ಸರ್ವರಕ್ಕ ಟೇಬಲ್ ಫ್ಯಾನನ್ನು ಪೆಟ್ಟಿಗೆಯ ಹತ್ತಿರಕ್ಕೆ ಸರಿಸುತ್ತಾರೆ.

ಚುಕ್ಕೆ ವಾಪಸ್ ಬೇಕೆಂದು ಸದಸ್ಯರು ಪಟ್ಟು ಹಿಡಿದರು. ಹಾಕಿದರೆ ಮತ್ತೆ ಹನ್ನೊಂದು ಸೆಕೆಂಡು. ವಾರವಿಡೀ ತಲೆ ಕೆಡಿಸಿಕೊಂಡ ಸರ್ವರಕ್ಕ ಬೇರೆ ದಾರಿ ಹುಡುಕಿದರು. ನೂಕುನುಗ್ಗಲು ಇಳಿದ ಮೇಲೆ, ಎಂಟು ಗಂಟೆಗೆ ದಿನಕ್ಕೊಂದೇ ಸಲ ಎಣಿಕೆ: ದಿನಾ ಬರುವವರಲ್ಲಿ ಇಂದು ಬಾರದವರು ಯಾರು? ಆ ಪಟ್ಟಿ ಇವರೊಬ್ಬರಿಗೇ ಕಾಣುತ್ತದೆ. ತಮ್ಮ ಜೆರಾಕ್ಸ್ ಅಂಗಡಿಯ ಬಾಗಿಲು ತೆರೆಯುವ ಮುಂಚೆ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ತಾವೇ ಫೋನ್ ಮಾಡುತ್ತಾರೆ.

ಎಂಟಾಯಿತು. ಇಂದು ಏಳು ಹೆಸರು. ಒಬ್ಬರಿಗೆ ಜ್ವರ, ಒಬ್ಬರ ಇಂಟರ್ನೆಟ್ ಕೆಟ್ಟಿದೆ, ನಾಲ್ವರದು ಬರೀ ನಿದ್ದೆ. ಏಳನೆಯವನು ಟೈಲರ್, ಹದಿನಾಲ್ಕು ವರ್ಷದಿಂದ ಅಪ್ಪನನ್ನು ನೋಡಿಕೊಳ್ಳುತ್ತಿರುವವನು.

"ಅಪ್ಪ ನಿನ್ನೆ ಹೋದ್ರು ಅಕ್ಕ. ಆದ್ರೂ ಐದಕ್ಕೇ ಎಚ್ಚರ ಆಯ್ತು. ಸುಮ್ನೆ ಮಂಚದ ಹತ್ರ ಹೋಗಿ ನಿಂತ್ಕೊಂಡೆ. ಇನ್ಮೇಲೆ ಫೋರಂನಲ್ಲಿ ನಂಗೇನ್ ಕೆಲಸ? ಹೆಸರು ತೆಗೆದ್ಬಿಡಿ. ನಿಮ್ಮ ಪೆಟ್ಟಿಗೆಗೂ ಭಾರ ಕಮ್ಮಿ ಆಗುತ್ತೆ."

ಸರ್ವರಕ್ಕ ಕಣ್ಣೊರೆಸಿಕೊಳ್ಳುತ್ತಾರೆ. "ನೀನೊಬ್ಬ ಭಾರ ಆಗಲ್ಲಪ್ಪ. ನಾಳೆ ಬಾ. ಬರ್ಲಿಲ್ಲ ಅಂದ್ರೆ ಎಂಟಕ್ಕೆ ಫೋನ್ ಮಾಡ್ತೀನಿ."